ಕುಂಚಾವರಂ ಹಿಡಿಸದ ಪರದೆ

ಗುರುಗಳಾದ ಪ್ರಹ್ಲಾದರಾವ್ ಸರ್ ಅವರಿಗೆ,

ನೀವು ಕೇಳಿ ಕೇಳಿ ಸಾಕಾಗಿ ಹೋದಿರಲ್ಲ, ಆ ಪ್ರೊಜೆಕ್ಟರು ಬಂತು. ನೀವು ತೀರಿಕೊಂಡ ಮರುವರ್ಷದ ರಜೆಯಲ್ಲಿ, ಸೇಡಂನ ನಮ್ಮ ಸ್ನಾತಕೋತ್ತರ ಕೇಂದ್ರದ ಎಲ್ಲ ತರಗತಿಗಳಿಗೂ ಬಂತು. ನಿಮಗೆ ಗೊತ್ತಿದ್ದ ಹಳೆಯ ಚೌಕ ಪರದೆಯಲ್ಲ, ಗೋಡೆಯ ಈ ತುದಿಯಿಂದ ಆ ತುದಿಗೆ ಚಾಚಿಕೊಂಡ ಅಗಲ ಪರದೆ. ಕಪ್ಪು ಹಲಗೆಯನ್ನು ಕಿತ್ತು ಸೈಕಲ್ ಸ್ಟ್ಯಾಂಡಿನ ಹಿಂದೆ ಒರಗಿಸಿದ್ದಾರೆ. ಒಳ್ಳೆಯ ಸುದ್ದಿ ತಿಳಿಸೋಣ ಎಂದು ಬರೆಯಲು ಕೂತಿಲ್ಲ ಸರ್. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಹೆಚ್ಚಿನದು ನಮ್ಮ ಹೊಸ ನಿರ್ದೇಶಕರ ಮೇಲೆ. ಸ್ವಲ್ಪ ನಿಮ್ಮ ಮೇಲೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಉದ್ಘಾಟನೆಯ ದಿನ ನೆನೆದರೆ ಈಗಲೂ ಮೈ ಉರಿಯುತ್ತದೆ. ಮಷೀನಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಮೊದಲ ಚಿತ್ರ ನಿಮ್ಮದೇ ಇರಲಿ ಎಂದು ತೀರ್ಮಾನವಾಗಿತ್ತು, ನಿಮ್ಮ ಮನೆಯ ಅಮ್ಮನವರನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಗಾಳಿ ಬಂದರೆ ಅಂಗಿಯೊಂದೇ ಮುಂದೆ ಹೋದೀತು ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವಲ್ಲ, ಅಂಥ ನಿಮ್ಮನ್ನು ಆ ಪರದೆಯ ಮೇಲೆ ಮಿಠಾಯಿ ಅಂಗಡಿ ಸಾಹುಕಾರನನ್ನಾಗಿ ಮಾಡಿಬಿಟ್ಟರು. ಗಲ್ಲ ಎರಡೂ ಕಡೆ ಹಿಗ್ಗಿ, ಕನ್ನಡಕ ಮೊಟ್ಟೆಯಾಕಾರವಾಗಿ... ಜನ ಚಪ್ಪಾಳೆ ತಟ್ಟಿದರು. ಸರ್ ಮುಖಕ್ಕೆ ಕಳೆ ಬಂದಿದೆ ಎಂದು ನನ್ನ ಹಿಂದೆ ಯಾರೋ ಹೇಳಿದರು. ಅಮ್ಮನವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಅಂದರು:

"ಇವ್ರು ನಮ್ಮವರು ಅಲ್ಲವ್ವಾ ಸುಜಾತಾ. ತಗಿಲಿಕ್ಕ ಹೇಳು."

ಹೇಳಿದೆ. ಮಷೀನು ಕೂಡಿಸಲು ಬಂದಿದ್ದ ಶಹಾಬಾದಿನ ಇಸ್ಮಾಯಿಲ್‌ ಕೂಡ ಬೆಳಿಗ್ಗೆಯೇ ಹೇಳಿದ್ದನಂತೆ. ಹಳೆಯ ಸ್ಲೈಡುಗಳೆಲ್ಲ ಚೌಕ, ಪರದೆ ಉದ್ದ. ಚಿತ್ರ ಇದ್ದಂತೆ ಬೇಕೆಂದರೆ ಎರಡೂ ಪಕ್ಕ ಕಪ್ಪು ಪಟ್ಟಿ ಉಳಿಯುತ್ತದೆ. ಪಟ್ಟಿ ಬೇಡವೆಂದರೆ ಚಿತ್ರವನ್ನು ಅಡ್ಡಕ್ಕೆ ಎಳೆಯಬೇಕು, ಇಲ್ಲವೇ ದೊಡ್ಡದು ಮಾಡಿ ಮೇಲೆ ಕೆಳಗೆ ಕತ್ತರಿಸಬೇಕು. ನಿರ್ದೇಶಕರಿಗೆ ಕಪ್ಪು ಪಟ್ಟಿ ಬೇಡ. ಹೊಸ ಸಾಮಾನಿಗೆ ಪೂಜೆ ಮಾಡಿದ ದಿನವೇ ಅದು ಶ್ರದ್ಧಾಂಜಲಿ ಬ್ಯಾನರಿನಂತೆ ಕಾಣಬಾರದಂತೆ. ಸತ್ತವರ ಫೋಟೋಕ್ಕೆ ಸಾವಿನ ಕಳೆ ಬರಬಾರದಂತೆ! ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಿದ್ದರು. ಇವರು ಹಾಸಿಗೆ ಅಗಲವಾಯಿತೆಂದು ಕಾಲನ್ನೇ ಹಿಡಿದು ಎಳೆದರು. ಅಮ್ಮನವರ ಮಾತಿಗೆ ಎಳೆಯುವುದನ್ನು ಬಿಟ್ಟು ಕತ್ತರಿಸುವುದಕ್ಕೆ ಇಟ್ಟರು. ನಿಮ್ಮ ಹಣೆಯ ನಾಮವೂ ಹೋಯಿತು, ಗದ್ದವೂ ಹೋಯಿತು. ಉಳಿದ ಮೂಗು, ಕಣ್ಣಿಗೆ ಹೂ ಏರಿಸಿದರು. ಎಲ್ಲ ಕೋಣೆಗಳಲ್ಲೂ ಇನ್ನು ಹೀಗೇ ಇರಬೇಕು ಎಂದು ನಿರ್ದೇಶಕರು ಅಲ್ಲೇ ಹೇಳಿಬಿಟ್ಟರು.

ನಾನು ನಿಮ್ಮ ತರಗತಿಗೆ ಮೊದಲ ಸಲ ಬಂದ ದಿನ ನಿಮಗೆ ನೆನಪಿತ್ತೇ? ನನಗಂತೂ ಮರೆತಿಲ್ಲ. ಲೂನಾ ಮೇಲೆ ಚಿಂಚೋಳಿಯಿಂದ ವಾಡಿಯವರೆಗೆ ತಿರುಗಿ ನೀವೇ ಬರೆದ ಕಾಗಿಣಾ ಸೀಮೆಯ ನಕ್ಷೆ ಗೋಡೆಯ ಮೇಲಿತ್ತು. ಪಾಠಕ್ಕಿಂತ ಮುಂಚೆ ಪ್ರತಿಯೊಬ್ಬರೂ ಎದ್ದು ಹೋಗಿ ತಮ್ಮ ಮನೆ ಇರುವಲ್ಲಿ ಬೆರಳಿಡಬೇಕು, ಅದು ನಕ್ಷೆಯಲ್ಲಿ ಇಲ್ಲದಿದ್ದರೆ ಪೆನ್ನು ತೆಗೆದುಕೊಂಡು ಚುಕ್ಕೆ ಇಡಬೇಕು. ವರ್ಷವರ್ಷವೂ ಅದೇ ನಿಮ್ಮ ಮೊದಲ ಪಾಠ. ನಾನು ಸುಲೇಪೇಟದ ಮೇಲೆ ಬೆರಳಿಟ್ಟು ಬೇಗ ವಾಪಸಾಗಲು ನೋಡಿದೆ. ಸುಲೇಪೇಟದಲ್ಲಿ ಎಲ್ಲಿ ಎಂದು ಕೇಳಿದಿರಿ. ನೀವು ಬಜಾರು ಬರೆದಿದ್ದಿರಿ, ಬಸ್ ಸ್ಟ್ಯಾಂಡು ಬರೆದಿದ್ದಿರಿ, ಗುಡಿ ಬರೆದಿದ್ದಿರಿ. ಬುದ್ಧವಿಹಾರದ ಹಿಂದಿನ ನಮ್ಮ ಕೇರಿ ಇರಬೇಕಾದಲ್ಲಿ ಬರೀ ಬಿಳಿ ಕಾಗದ. ಗುಡಿಯ ಮನೆತನದ ಈ ಮನುಷ್ಯ ಎಲ್ಲರ ಎದುರು ನನ್ನ ಕೇರಿ ಕೇಳುತ್ತಿದ್ದಾನಲ್ಲ ಎಂದು ಹಲ್ಲು ಕಚ್ಚಿ ನಿಂತೆ. ನೀವು ಎದ್ದು ಬಂದು ಆ ಬಿಳಿ ಜಾಗವನ್ನು ಬಹಳ ಹೊತ್ತು ನೋಡಿದಿರಿ.

"ಇಲ್ಲಿ ಮನಿ ಅವ. ನಾ ಹಾಕಿಲ್ಲ. ತಪ್ಪು ನಂದದ, ನಿಂದಲ್ಲ," ಎಂದು ಪೆನ್ನು ಕೈಗಿಟ್ಟಿರಿ. "ನೀನೇ ಹಾಕವಾ."

ಹಾಕಿದೆ. ಸಿಟ್ಟಿನಲ್ಲಿ ಒತ್ತಿ ಹಾಕಿದ್ದರಿಂದ ಉಳಿದವರ ಚುಕ್ಕೆಗಿಂತ ನನ್ನದು ದಪ್ಪವಾಗಿದೆ. ಮಡಿಕೆಯಲ್ಲಿ ಕಾಗದ ಹರಿಯತೊಡಗಿದಾಗ ನೀವು ಕಲಬುರಗಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ಮುಂದೆ ಪ್ರೊಜೆಕ್ಟರು ಬಂದರೆ ಇರಲಿ ಎಂದು ಸ್ಲೈಡಿಗೆ ಹಾಕಿಸಿದಿರಿ. ಅಲ್ಲಿಯೂ ಅದು ದಪ್ಪವಾಗಿಯೇ ಬಂತು.

ಈ ವರ್ಷದ ಮೊದಲ ಪಾಠ ನಿಮ್ಮ ಜಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿ ನಾನೇ ಮಾಡಿದೆ, ನೀವು ಮಾಡುತ್ತಿದ್ದಂತೆಯೇ. ನಕ್ಷೆ ಹಾಕಿದಾಗ ನೋಡಲು ಭರ್ಜರಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಕಾಗಿಣಾ ನದಿ ಗೋಡೆ ತುಂಬ ಹರಿಯಿತು. ಸೇಡಂನವರು, ಚಿತ್ತಾಪುರದವರು ಸಡಗರದಿಂದ ಬೆರಳಿಟ್ಟು ಬಂದರು. ಕೊನೆಗೆ ಲಕ್ಷ್ಮಿ ರಾಠೋಡ ಎಂಬ ಹುಡುಗಿ ಎದ್ದಳು. ಕುಂಚಾವರಂ ಕಾಡಿನ ಅಂಚಿನ ತಾಂಡಾದವಳು. ತೆಲುಗು, ಲಂಬಾಣಿ, ಕನ್ನಡ ಮೂರೂ ಬರುವ ಹುಡುಗಿ ಆ ದಿನ ಯಾವುದರಲ್ಲೂ ಮಾತಾಡಿರಲಿಲ್ಲ. ಚಿಂಚೋಳಿಯಿಂದ ಬೆರಳು ಹಿಡಿದು ಮೇಲೆ ಹೋದಳು. ಹೋಗುತ್ತಾ ಹೋಗುತ್ತಾ ಪರದೆಯೇ ಮುಗಿಯಿತು. ನಕ್ಷೆಯ ತಲೆ ಕತ್ತರಿಸಿ ಹೋಗಿತ್ತಲ್ಲ! ಅವಳು ನಿಲ್ಲಲಿಲ್ಲ. ತುದಿಗಾಲ ಮೇಲೆ ನಿಂತು, ಪರದೆ ದಾಟಿ, ಬರೀ ಗೋಡೆಯ ಮೇಲೆ ಬೆರಳಿಟ್ಟಳು.

"ನಮ್ಮ ತಾಂಡಾ ಇಲ್ಲಿ ಬರ್ತದ್ರಿ ಮೇಡಂ."

ತರಗತಿ ಗೊಳ್ಳೆಂದು ನಕ್ಕಿತು. ಅವಳು ಬೆರಳು ತೆಗೆಯದೆ ನನ್ನನ್ನೇ ನೋಡುತ್ತಿದ್ದಳು. ನನ್ನ ದಪ್ಪ ಚುಕ್ಕೆ ಪರದೆಯ ನಡುವೆ ಆರಾಮಾಗಿ ಕೂತಿತ್ತು. ಆಗ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಸುಮ್ಮನಿದ್ದಿದ್ದರೆ ನಾನು ನಿಮ್ಮ ಕೈಯಿಂದ ಆ ಪೆನ್ನು ತೆಗೆದುಕೊಂಡದ್ದಕ್ಕೆ ಅರ್ಥವೇನಿತ್ತು?

ಅವತ್ತೇ ನಿರ್ದೇಶಕರ ಕೋಣೆಗೆ ಹೋದೆ. ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ ಎಂದೆ. ಕಪ್ಪು ಪಟ್ಟಿಯ ಮಾತು ಎತ್ತಬೇಡಿ ಎಂದರು. ಹಾಗಾದರೆ ನಕ್ಷೆಯನ್ನು ಪೂರ್ತಿಯಾಗಿ ಬಿಳಿ ಸ್ಲೈಡಿನ ನಡುವೆ ಇಡುತ್ತೇನೆ ಎಂದು ಮಾಡಿ ತೋರಿಸಿದೆ. ಅಪ್ಪನ ಕೋಟು ತೊಟ್ಟ ಹುಡುಗನಂತೆ ಕಾಣುತ್ತದೆ ಎಂದರು. ಹಾಗಿದ್ದರೆ ಎಳೆಯಿರಿ ಎಂದು ಅವರೇ ಉಪಾಯ ಹೇಳಿದರು. ಎಳೆದರೆ ಸೇಡಂನಿಂದ ಶಹಾಬಾದ್ ದೂರವಾಗುತ್ತದೆ, ಸ್ಕೇಲು ಹಿಡಿದು ಅಳೆಯುವ ಮಕ್ಕಳಿಗೆ ಏನು ಹೇಳಲಿ ಎಂದು ಕೇಳಿದೆ. ಊರಿಗೊಂದು ದಾರಿಯಾದರೆ ನಿಮಗೊಂದು ದಾರಿ ಎಂದು ನಕ್ಕರು. ವಿಶ್ವವಿದ್ಯಾಲಯದ ಕಮಿಟಿ ಹೊಸ ತರಗತಿಗಳನ್ನು ನೋಡಲು ಬರುವುದಿತ್ತು.

"ಕಮಿಟಿಯವ್ರು ಪರದಿ ನೋಡ್ಲಿಕ್ಕ ಬರ್ತಾರ ಮೇಡಂ, ಕುಂಚಾವರಂ ನೋಡ್ಲಿಕ್ಕ ಅಲ್ಲ. ಅತಿಥಿ ಉಪನ್ಯಾಸಕರ ಹೆಸರು ನಾನೇ ಕಳಸಬೇಕು, ಅದನ್ನೂ ಜರಾ ನೆನಪಿಡ್ರಿ."

ನೆನಪಿಟ್ಟೆ. ಬಸ್ಸಿನಲ್ಲಿ ಸುಲೇಪೇಟ ಮುಟ್ಟುವವರೆಗೂ ನಿಮ್ಮನ್ನೇ ಬೈದೆ ಸರ್. ಈ ಪ್ರೊಜೆಕ್ಟರಿಗಾಗಿ ನೀವು ಎಷ್ಟು ಕೋಣೆಗಳ ಮುಂದೆ ಕೈಮುಗಿದು ನಿಂತಿರಿ! ಒಮ್ಮೆಯಾದರೂ ಮೇಜು ಗುದ್ದಿದಿರಾ? "ಆಗ್ತದ ತಗೋ, ಗಡಿಬಿಡಿ ಬ್ಯಾಡ" ಎನ್ನುತ್ತಿದ್ದಿರಿ. ಗಡಿಬಿಡಿ ಮಾಡಿಕೊಂಡು ಹೋದವರು ನೀವೇ ಅಲ್ಲವೇ? ನೀವು ಇದ್ದಿದ್ದರೆ ನಿಮ್ಮ ನಕ್ಷೆಯ ತಲೆ ಕತ್ತರಿಸುವ ಧೈರ್ಯ ಯಾರಿಗಿತ್ತು? ಕಾಯಂ ನೌಕರಿಯವರು ನೀವು, ಒಂದು ಮಾತು ಸಾಕಿತ್ತು. ನನ್ನ ಮಾತಿಗಾದರೆ ನನ್ನ ಅನ್ನವನ್ನೇ ಪಣಕ್ಕಿಡಬೇಕು. ಇದನ್ನು ನನ್ನ ತಲೆಗೆ ಕಟ್ಟಿ ಹೋದಿರಲ್ಲ ಎಂದು...

ಕಮಿಟಿ ಬಂದ ದಿನ ಬೆಳಿಗ್ಗೆ ಇಸ್ಮಾಯಿಲ್‌ಗೆ ಫೋನ್ ಮಾಡಿ ಯಾವ ಗುಂಡಿ ಎಂದು ಕೇಳಿಕೊಂಡೆ. ಅವರು ಒಳಗೆ ಬಂದು ಕೂತ ಮೇಲೆ ಒತ್ತಿದೆ. ನಿಮ್ಮ ನಕ್ಷೆ ಪೂರ್ತಿ ಬಂತು. ಮೇಲೆ ಕುಂಚಾವರಂ, ಕೆಳಗೆ ವಾಡಿ, ಎರಡೂ ಪಕ್ಕ ಎದೆ ಸೆಟೆಸಿ ನಿಂತ ಕಪ್ಪು ಪಟ್ಟಿ. ನಿರ್ದೇಶಕರ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಕಮಿಟಿಯ ಹಿರಿಯರೊಬ್ಬರು ಪಕ್ಕದಲ್ಲಿ ಯಾಕೆ ಕಪ್ಪು ಎಂದು ಕೇಳಿದರು. ಅಲ್ಲಿ ನಕ್ಷೆ ಇಲ್ಲ ಸರ್, ಇಲ್ಲದ್ದನ್ನು ಇದೆ ಎಂದು ತೋರಿಸುವುದಿಲ್ಲ, ಇದ್ದದ್ದನ್ನು ಇಲ್ಲ ಎಂದೂ ತೋರಿಸುವುದಿಲ್ಲ ಎಂದೆ. ಹಾಂ ಹಾಂ ಎಂದು ತಲೆಯಾಡಿಸಿ ಅವರು ಚಹಾಕ್ಕೆ ಎದ್ದು ಹೋದರು. ಅಷ್ಟೇ. ಶಹಬ್ಬಾಸ್ ಎಂದು ಯಾರೂ ಬೆನ್ನು ತಟ್ಟಲಿಲ್ಲ. ಆದರೆ ಲಕ್ಷ್ಮಿ ಕಮಿಟಿಯವರ ಹಿಂದಿನಿಂದ ಎದ್ದು ಬಂದು ನಕ್ಷೆಯ ಮೇಲೆ ತನ್ನ ತಾಂಡಾ ಮುಟ್ಟಿ ಹೋದಳು.

ಹೊಸ ಅವಧಿಯ ಹೆಸರುಗಳು ಬಂದವು, ನನ್ನದಿಲ್ಲ. ವಿದ್ಯಾರ್ಥಿಗಳು ಕಡಿಮೆ ಇದ್ದಾರೆ ಎಂದು ಕಾರಣ ಕೊಟ್ಟಿದ್ದಾರೆ. ಕಡಿಮೆ ಇದ್ದವರಿಗೆ ಪಾಠ ಮಾಡಲು ಬೇರೆಯವರನ್ನು ಹೇಗೆ ತೆಗೆದುಕೊಂಡರೋ! ನಾನು ಅತ್ತಿಲ್ಲ ಸರ್. ಅಳು ಬಂದರೆ ಸಿಟ್ಟು ಇಳಿದುಹೋದೀತು ಎಂದು ತಡೆದುಕೊಂಡಿದ್ದೇನೆ. ಈಗ ಚಿಂಚೋಳಿಯ ಒಂದು ಖಾಸಗಿ ಶಾಲೆಗೆ ಹೋಗುತ್ತಿದ್ದೇನೆ. ಅಲ್ಲಿ ಪರದೆಯೇ ಇಲ್ಲ. ಮೊದಲ ದಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಿಮ್ಮ ನದಿ ಬರೆದು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದೆ. ನಾನು ಎಲ್ಲಿ ಪಾಠ ಮಾಡಿದರೂ ಮೊದಲ ಪಾಠ ಅದೇ ಆಗಿರುತ್ತದೆ. ಈ ಮಾತು ನಿಮಗೆ ಕೊಡುತ್ತಿದ್ದೇನೆ.

ನಿಮಗೆ ತಿಳಿಯಬೇಕಾದ ಸುದ್ದಿ ಇನ್ನೊಂದಿದೆ. ನನ್ನ ಜಾಗಕ್ಕೆ ಬಂದವರು ಮತ್ತೆ ತಲೆ ಕತ್ತರಿಸಿದ ನಕ್ಷೆಯನ್ನೇ ಹಾಕಿದರಂತೆ. ಲಕ್ಷ್ಮಿ ಎದ್ದು ಹೋಗಿ, ಅದೇ ತುದಿಗಾಲ ಮೇಲೆ ನಿಂತು, ಪರದೆಯ ಮೇಲ್ಗಡೆಯ ಗೋಡೆಗೆ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಟ್ಟು ಪಕ್ಕದಲ್ಲಿ ತಾಂಡಾದ ಹೆಸರು ಬರೆದಳಂತೆ. ಈ ಸಲ ಯಾರೂ ನಗಲಿಲ್ಲವಂತೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಹುಡುಗ ನಾಗೇಶ ಕುಕ್ಕರಗಾಲಲ್ಲಿ ಕೂತು ಪರದೆಯ ಕೆಳಗೆ ತನ್ನ ಊರು ಬರೆದನಂತೆ. ಮೊದಲ ದಿನ ಇವನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು. ಅವನ ಹಿಂದೆ ಇನ್ನೂ ಕೆಲವರು ಎದ್ದರಂತೆ. ನಿರ್ದೇಶಕರು ಗೋಡೆಗೆ ಸುಣ್ಣ ಹೊಡೆಸಿದರು. ಮರುದಿನವೇ ಹೆಸರುಗಳು ಮತ್ತೆ ಬಂದವು. ಯಾರು ಬರೆದದ್ದು ಎಂದು ಕೇಳಿದರೆ ಇಡೀ ತರಗತಿ ಎದ್ದು ನಿಂತಿತಂತೆ, ಸೇಡಂ ಚಿತ್ತಾಪುರದವರೂ ಸೇರಿ. ನಿನ್ನೆ ಎರಡನೆಯ ಸಲ ಸುಣ್ಣ ಹೊಡೆಸಿದ್ದಾರೆ.

ಇವತ್ತು ಶಾಲೆ ಬಿಟ್ಟು ಬಸ್ಸಿಗೆ ನಿಂತಾಗ ಲಕ್ಷ್ಮಿಯ ಫೋನ್ ಬಂತು. ಏನು ಮಾಡುತ್ತಿದ್ದೀರಿ ಎಲ್ಲರೂ ಎಂದು ಹೆದರುತ್ತಲೇ ಕೇಳಿದೆ.

"ಏನಿಲ್ಲರಿ ಮೇಡಂ," ಅಂದಳು. "ಸುಣ್ಣ ಆರ್ಲಿ ಅಂತ ಕಾಯಾಕತ್ತೀವಿ."

ನಿಮ್ಮ ಶಿಷ್ಯೆ,
ಸುಜಾತಾ