ಸುರುಳಿಯೊಳಗಿನ ನೀಲಿ

ಹೊಸಪೇಟೆ
18-6-2025

ಮಗಳು ಪಲ್ಲವಿಗೆ ಅಪ್ಪನ ಆಶೀರ್ವಾದ.

ನಾವಿಬ್ಬರೂ ಕ್ಷೇಮ. ಹದಿನೈದು ದಿನದಿಂದ ಬರೆಯುತ್ತೇನೆ, ಹರಿದು ಹಾಕುತ್ತೇನೆ, ತಡವಾಯಿತೆಂದು ಬೇಸರಪಡಬೇಡ. ಫೋನಿರುವಾಗ ಕಾಗದವೇಕೆ ಎಂದು ನೀನು ನಗುತ್ತೀ. ಹೊಸ ಬಿಸಿನೀರಿನ ಟ್ಯಾಂಕಿನ ಸಂಗತಿ ಚಿತ್ರವಿಲ್ಲದೆ ತಿಳಿಯುವಂಥದ್ದಲ್ಲ. ಹಾಳೆಯ ಹಿಂದೆ ಬರೆದಿದ್ದೇನೆ. ಅದು ಹಾಗಲಕಾಯಿಯಂತೆ ಕಂಡರೆ ತಪ್ಪು ನನ್ನ ಕೈಯದು.

ನಿನ್ನವ್ವನ ಕಾಲಿನ ಯುಗಾದಿಯ ಸುಟ್ಟಗಾಯ ಮಾಯ್ದಿದೆ. ಆದರೆ ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ಬಿಸಿ ಯಾವುದು, ತಂಪು ಯಾವುದು ಎಂಬುದು ತಿಳಿಯುವುದೇ ಇಲ್ಲ. ಇನ್ನೊಮ್ಮೆ ಸುಟ್ಟರೆ ಬೆರಳು ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು. ಅವಳಿಗೋ ಮತ್ತೆ ಅದೇ ಹಂಡೆ ಬೇಕು. ಅದಕ್ಕೇ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದೆ.

ನಲವತ್ತು ವರ್ಷ ತಾಮ್ರದ ಹಂಡೆ ಮಾರಿದವನು ನಾನು. ನೀರು ಹೀಗೂ ಕಾಯುತ್ತದೆಂದು ಗೊತ್ತಿರಲಿಲ್ಲ. ನಮ್ಮ ಬೋರಿನ ನೀರನ್ನೇ ಬಿಸಿಲಿನ ಕೊಳವೆಗೆ ಬಿಟ್ಟರೆ ಸುಣ್ಣ ಕಟ್ಟುತ್ತದಂತೆ. ಆದ್ದರಿಂದ ಕೊಳವೆಯೊಳಗೆ ಬೇರೆಯೇ ನೀರು. ಅದು ಬಿಸಿಲಿಗೆ ಕಾದು, ಟ್ಯಾಂಕಿನೊಳಗೆ ಸುರುಳಿ ಸುತ್ತಿದ ಪೈಪಿನಲ್ಲಿ ಹಾದು, ಬಿಸಿ ಕೊಟ್ಟು, ತಣಿದು ಮತ್ತೆ ಬಿಸಿಲಿಗೆ ಹೋಗುತ್ತದೆ. ನಾವು ಮೀಯುವ ನೀರು ಸುರುಳಿಯ ಹೊರಗೆ. ನೀನು ಕೂಸಾಗಿದ್ದಾಗ ಹಾಲಿನ ಬಾಟಲಿಯನ್ನು ಬಿಸಿನೀರಲ್ಲಿ ಇಡುತ್ತಿದ್ದೆವಲ್ಲ, ಹಾಗೆ. ಮಕ್ಕಳಿಗೆ ವಿಜ್ಞಾನ ಕಲಿಸುವ ನಿನಗೆ ಇದು ಹಳೇ ಪಾಠ. ನನಗೆ ಮೂರು ದಿನ ಅದೇ ಧ್ಯಾನ.

ಟ್ಯಾಂಕು ಕೂಡಿಸಲು ಬಂದ ಹುಡುಗ ಅಂಜಿನಿಯನ್ನು ನಿನ್ನವ್ವ ಹಿಡಿದು ನಿಲ್ಲಿಸಿದಳು. "ಇದ್ದ ನೀರ ಸುತ್ತತೈತಂದ್ರ ಹಳಸಂಗಿಲ್ಲೇನು? ಲಿಂಗಪೂಜಿ ಮಾಡಾಕಿ ನಾನು, ಅದು ನನ್ನ ಮೈಮ್ಯಾಲ ಬೀಳಬಾರ್ದು" ಎಂದಳು. ಎರಡು ನೀರೂ ಕೂಡುವುದಿಲ್ಲವೆಂದು ಅವನು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ. (ಈ ಮಾತು ಅವಳಿಗೆ ಮುಟ್ಟಿಸಬೇಡ.) ಕೊನೆಗೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ತಂದು, ಸುರುಳಿಯ ನೀರಿಗೆ ಅವನ ಕೈಯಿಂದಲೇ ಸುರಿಸಿದಳು. ಎಂಟು ದಿನ ನಲ್ಲಿಯ ನೀರನ್ನು ಬಿಳಿ ಬಟ್ಟಲಲ್ಲಿ ಹಿಡಿದು ನೋಡಿದಳು. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ನೀಲಿ ಬರಲಿಲ್ಲ. ಒಂಬತ್ತನೆಯ ದಿನ ಮಿಂದಳು. ನನಗೆ ಹೋದ ಜೀವ ಬಂದಂತಾಯಿತು.

ಬಚ್ಚಲ ನಲ್ಲಿಗೆ ಬಿಸಿನೀರು, ತಣ್ಣೀರು ತಾನೇ ಬೆರೆಸುವ ವಾಲ್ವ್ ಇದೆ. ಮೂವತ್ತೆಂಟು ಡಿಗ್ರಿ ದಾಟಗೊಡುವುದಿಲ್ಲ. ಆದರೂ ದಿನಾ ಮೊದಲು ನಾನು ಮೊಣಕೈ ಅದ್ದಿ ನೋಡುತ್ತೇನೆ. ಹಂಡೆಯನ್ನು ಅಟ್ಟಕ್ಕೆ ಹಾಕಿದೆ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ನಿಮ್ಮ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ
ಜಡೆಪ್ಪ

ತಾ.ಕ.: ಕಾಗದ ಬರೆದದ್ದು ಚಿತ್ರಕ್ಕಾಗಿ ಅಲ್ಲ. ಫೋನಿನಲ್ಲಿ ಮಾತಾಡುವಾಗ ನಿನ್ನವ್ವ ಪಕ್ಕದಲ್ಲೇ ಇರುತ್ತಾಳೆ. ಯುಗಾದಿಯ ದಿನ ತಾನೇ ನೀರು ಹಾಕಿಕೊಂಡು ಸುಟ್ಟುಕೊಂಡೆ ಎಂದು ಅವಳು ಹೇಳಿದ್ದು ಸುಳ್ಳು. ಎಣ್ಣೆ ಹಚ್ಚಿದ ಆ ಕಾಲಿಗೆ ಹಂಡೆಯಿಂದ ತೋಡಿ ಹಾಕಿದವನು ನಾನು. ಕೈ ಅದ್ದಿ ನೋಡಲಿಲ್ಲ. ಬಿಸಿ ಆಯಿತೇನು ಎಂದು ಕೇಳಿದೆ. "ಏನೂ ಆಗವಲ್ದು, ಇನ್ನೊಂದು ತಂಬಿಗಿ ಹಾಕ್ರಿ" ಎಂದಳು. ಹಾಕಿದೆ. ಆಸ್ಪತ್ರೆಯಲ್ಲಿ ನೀನು ಅವಳನ್ನು ಬೈಯುವಾಗ ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಆ ಬೈಗುಳ ನನ್ನದು ಮಗಳೇ, ನನಗೆ ಕಳಿಸು.