ಹೊಸ ಖಾತೆಯ ಮೊದಲ ಅಂಗಿ

ಮಂಗಳವಾರ, ಜೂನ್ ೧೧. ಈಸ್ಟ್ ಲಂಡನ್, ದಕ್ಷಿಣ ಆಫ್ರಿಕಾ.

ವಿಚ್ಛೇದನವಾಗಿ ವರ್ಷವಾಯಿತು. ಮದುವೆಯ ದಿನ ಆಸ್ತಿ, ಸಾಲ ಎರಡೂ ಜಂಟಿ ಎಂದು ಸಹಿ ಹಾಕಿದ್ದೆವು. ಗಂಡನಾಗಿದ್ದ ಲುವುಯೊ ಕಟ್ಟದೆ ಬಿಟ್ಟ ಸಾಲದ ಕಂತುಗಳಿಂದ ನನ್ನ ಕ್ರೆಡಿಟ್ ಸ್ಕೋರ್ ಇನ್ನೂ ನೆಲ ಕಚ್ಚಿದೆ. ಇವತ್ತು ಒಂದು ಬಟ್ಟೆ ಅಂಗಡಿಯವರು ಕೊನೆಗೂ ನನಗೆ ಸಾಲದ ಖಾತೆ ತೆರೆದುಕೊಟ್ಟರು.

"ಏನಾದ್ರೂ ಚಿಕ್ಕದು ತಗೊಂಡು ತಿಂಗ್ಳು ತಿಂಗ್ಳು ಕಟ್ಟಿ ಅಕ್ಕಾ, ಸ್ಕೋರ್ ಏರುತ್ತೆ. ಸಾಲಾನೇ ಮಾಡದೋರನ್ನ ಯಾರು ನಂಬ್ತಾರೆ ಹೇಳಿ?" ಎಂದು ಕೌಂಟರಿನ ಹುಡುಗಿ ನಕ್ಕಳು.

ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಕೈ ಹೋದ ಕಡೆ ಒಂದು ಪೊಟ್ಟಣ ಎತ್ತಿ, ಹೊಸ ಖಾತೆಗೆ ಬರೆಸಿಕೊಂಡು ಬಂದೆ.

ಮನೆಯಲ್ಲಿ ಬಿಚ್ಚಿ ನೋಡಿದರೆ ಗಂಡಸರ ಬಿಳಿ ಅಂಗಿ, ಅವನು ಚರ್ಚಿಗೆ ತೊಡುವಂಥದ್ದು. ಕಾಲರಿನ ಅಳತೆಯೂ ಅವನದೇ.

ನಾಳೆ ಹಿಂದಿರುಗಿಸಬೇಕು. ಗೊತ್ತಿದ್ದೂ ಸೂಜಿ ದಾರ ತಂದು ಎರಡನೆಯ ಗುಂಡಿಯನ್ನು ಬಿಗಿಯಾಗಿ ಹೊಲಿದೆ. ಅವನದು ಯಾವಾಗಲೂ ಅದೇ ಕಿತ್ತುಬರುತ್ತದೆ.