ಮಂಚಕ್ಕೆ ಕಟ್ಟಿದ ಕೆಂಪು ರಟ್ಟು

ಮಾರ್ಚ್ ೪, ಬೆಳಿಗ್ಗೆ
ಬೆಡ್‌ಪ್ಯಾನ್ ತೊಳೆದಾಯಿತು. ಮೂಲೆಯ ಮಂಚದಲ್ಲಿರುವ, ಬಟ್ಟೆ ಹೊಲಿಯುವ ಅಕ್ಕನ ಆಪರೇಷನ್ ಮುಂದೂಡಿದ್ದಾರೆ. ಪಿತ್ತಕೋಶದಲ್ಲಿ ಕಲ್ಲು. ಆದರೆ ಲ್ಯಾಬಿನ ಟ್ಯೂಬಿನಲ್ಲಿ ಅವಳ ರಕ್ತ ಹೆಪ್ಪುಗಟ್ಟಲು ತಡವಾಯಿತಂತೆ. ಆಯಾ ತರಬೇತಿಯಲ್ಲಿ ನನಗೆ ಕೊಟ್ಟ ಕರಪತ್ರದಲ್ಲಿ ಸ್ಪಷ್ಟವಾಗಿದೆ: ತಡವಾದರೆ ರಕ್ತಸ್ರಾವದ ಅಪಾಯ. ಒಬ್ಬರಾದರೂ ಎಚ್ಚರಿಕೆ ಬರೆದಿದ್ದಾರಾ... ಅಜ್ಞಾನವೇ ಕೊಲ್ಲುವುದು. ಕೆಂಪು ರಟ್ಟಿನಲ್ಲಿ ನಾನೇ ಬರೆದು ಕಟ್ಟಿದೆ— ‘ರಕ್ತಸ್ರಾವದ ಅಪಾಯ. ಮಂಚದಿಂದ ಇಳಿಸಬೇಡಿ.’

ಸಂಜೆ
ಅಕ್ಕ ನಕ್ಕಳು. “ಏನೇ ಇದು, ನಾನೇನು ಗಾಜಿನ ಬಳೆನಾ? ನಾಲ್ಕು ಹೆಜ್ಜೆ ನಡೆದ್ರೆ ಪ್ರಾಣ ಹೋಗುತ್ತಾ?”
“ಹೋಗಬಹುದು ಅಕ್ಕ.”
ಹೇಳಿ ಹೆಮ್ಮೆಪಟ್ಟೆ. ಹಿರಿಯ ಸಿಸ್ಟರ್ ರಜೆ. ಬದಲಿಗೆ ಬಂದವರು ರಟ್ಟು ಓದಿ ಸರಿ ಎಂದು ತಲೆಯಾಡಿಸಿದರು.

ಮಾರ್ಚ್ ೯
ಅಕ್ಕನ ಎಡ ಮೀನಖಂಡ ಊದಿದೆ. ಮುಟ್ಟಿದರೆ ಬಿಸಿ. “ಸ್ವಲ್ಪ ತಿಕ್ಕೇ, ಹಿಡ್ಕೊಂಡಿದೆ” ಎಂದಳು. ಒಳಗೆ ರಕ್ತ ಸೋರಿದೆ ಎಂದುಕೊಂಡೆ. ತಿಕ್ಕಲಿಲ್ಲ— ಅದೊಂದು ಪುಣ್ಯ. ಓಡಿ ಹಿರಿಯ ಸಿಸ್ಟರನ್ನು ಕರೆದೆ. ರಜೆ ಮುಗಿಸಿ ಬಂದಿದ್ದರು. ಕಾಲು ನೋಡಿದರು, ರಟ್ಟು ನೋಡಿದರು.
“ಇದ್ಯಾರ ಘನಕಾರ್ಯ?”
ಸ್ಕ್ಯಾನ್ ಆಯಿತು. ಸೋರಿದ್ದಲ್ಲ. ರಕ್ತನಾಳದಲ್ಲಿ ಹೆಪ್ಪು.

ಮಾರ್ಚ್ ೧೦
ತಲೆ ಕೆಟ್ಟು ಕೆರ ಹಿಡಿದಿದೆ. ಟ್ಯೂಬಿನಲ್ಲಿ ಗಟ್ಟಿಯಾಗದ ರಕ್ತ ಮೈಯಲ್ಲಿ ಹೇಗೆ?
“ಕೆಲವರ ರಕ್ತದಲ್ಲಿ ಒಂದು ಪದಾರ್ಥ ಇರುತ್ತೆ ಕಣೇ ಕರಪತ್ರದವಳೇ,” ಎಂದರು ಸಿಸ್ಟರ್. “ಟ್ಯೂಬಲ್ಲಿ ತಡ ಮಾಡಿಸುತ್ತೆ, ಮೈಯಲ್ಲಿ ಗಟ್ಟಿ ಮಾಡಿಸುತ್ತೆ. ಅಂಥವರನ್ನ ನೀನು ಅಲ್ಲಾಡದ ಹಾಗೆ ಮಲಗಿಸಿದೆ. ಓಡಾಡಿ ಅಂತ ಡಾಕ್ಟರೇ ಆ ಅಕ್ಕನಿಗೆ ಹೇಳಿದ್ರು.”
ಯಾಕೆ ಹೇಳಲಿಲ್ಲ ಎಂದು ಅಕ್ಕನನ್ನು ಕೇಳಿದೆ.
“ನಡೀತೀನಿ ಅಂದೆನಲ್ಲ. ನೀನು ಓದಿಕೊಂಡವಳು ಅಂತ ಸುಮ್ಮನಾದೆ.”

ಮಾರ್ಚ್ ೧೨
ಹೆಪ್ಪು ತಡೆಯುವ ಇಂಜೆಕ್ಷನ್ ನಡೆದಿದೆ. ಹೆಪ್ಪಿನ ಚೂರು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ...? ಅಕ್ಕ ಕೆಮ್ಮಿದರೂ ನನ್ನ ಜೀವ ಹಾರುತ್ತದೆ.
ಸಿಸ್ಟರ್ ಹೇಳಿದರು, “ಈ ಇಂಜೆಕ್ಷನ್‌ನಿಂದ ಈಗ ನಿಜವಾಗ್ಲೂ ರಕ್ತಸ್ರಾವದ ಅಪಾಯ ಇದೆ. ವಸಡಲ್ಲಿ ರಕ್ತ ಬರುತ್ತಾ ನೋಡ್ತಿರು. ಆದ್ರೆ ನಡೆಸು.”
ಅಂದರೆ ಹಳೆಯ ರಟ್ಟು ಅರ್ಧ ಸರಿಯೇ? ಆಗ ತಪ್ಪು, ಈಗ ಸರಿ? ಕರಪತ್ರದಲ್ಲಿ ಎಲ್ಲೂ ಇಲ್ಲ.
“ಹೊಸದು ಬರಿ. ಕಟ್ಟೋ ಮುಂಚೆ ನನಗೆ ತೋರಿಸು.”
ಬರೆಯಲು ಕೂತಿದ್ದೇನೆ. ಅಕ್ಕ ಆಗಲೇ ಕಾಲು ಕೆಳಗಿಟ್ಟು ಭುಜ ಕೊಡೇ ಎನ್ನುತ್ತಿದ್ದಾಳೆ. ಒಂದು ಸಾಲಾದರೂ ಮುಗಿಯಲಿ— ‘ಈ ರೋಗಿಯ ರಕ್ತ...’ ಬಂದೆ ಅಕ್ಕ, ಬಂದೆ.